ಮೊಮ್ಮಗಳ ಚೀಲಕ್ಕೆ ಕಟ್ಟಿದ ಗಂಟೆ

೧೯೭೧ರಲ್ಲಿ ನಾನು ಓದು ನಿಲ್ಲಿಸಿದೆ. ಐದನೇ ಕ್ಲಾಸು, ಅದೂ ಅರ್ಧ. "ಅವನನ್ನ ಸ್ಕೂಲಿಂದ ಬಿಡಿಸಿದ್ರು" ಅಂತ ಹೇಳುವ ಮುದುಕರು ನಮ್ಮೂರಲ್ಲಿ ಇನ್ನೂ ಇಬ್ಬರು ಉಳಿದಿದ್ದಾರೆ. ಬಿಡಿಸಿದ್ದಲ್ಲ, ನಾನೇ ಬಿಟ್ಟಿದ್ದು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಭಾಗಾಕಾರ ಬರೀತಿದ್ದರು. ಕಿಟಕಿಯಾಚೆ ಬೇಲಿ ಸಾಲಲ್ಲಿ ಒಂದು ಉಡ ಹೋಗ್ತಾ ಇತ್ತು. ಕಣ್ಣೆದುರು ಉಡ ಹೋಗ್ತಿರುವಾಗ ಭಾಗಾಕಾರ ಮಾಡ್ತಾ ಕೂರುವವನು ಎಂಥ ಮನುಷ್ಯ? ಕಿಟಕಿಗೆ ಸರಳಿರಲಿಲ್ಲ. ಉಡ ಸಿಗಲಿಲ್ಲ. ಅದರ ಹಿಂದೆ ಓಡಿದ ದಾರಿಯಲ್ಲಿ ನಮ್ಮಪ್ಪನ ಕುರಿ ಮಂದೆ ಸಿಕ್ಕಿತು. ಅಲ್ಲೇ ನಿಂತೆ. ಇವತ್ತಿಗೂ ಅಲ್ಲೇ ಇದ್ದೇನೆ.

ಊರು ಹಿರಿಯೂರು ತಾಲ್ಲೂಕು, ಹರಿಯಬ್ಬೆ ಕಡೆ. ನನ್ನ ಕಸುಬಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಬೆಳೆ ಕೊಯ್ದ ಮೇಲೆ ರೈತರ ಹೊಲದಲ್ಲಿ ನಾವು ಮಂದೆ ತರುಬುತ್ತೇವೆ. ಕುರಿಗಳು ರಾತ್ರಿಯೆಲ್ಲ ಅಲ್ಲೇ ಮಲಗಿ ಏಳುತ್ತವೆ, ಹಿಕ್ಕೆ ಗೊಬ್ಬರ ಹೊಲಕ್ಕೆ, ರಾಗಿ ಜೋಳ ನಮಗೆ. ಹೊಸದುರ್ಗದ ಕಡೆ ದಾಳಿಂಬೆ ಹಾಕಿದವರು, ಹೊಳಲ್ಕೆರೆ ಕಡೆ ತೋಟದವರು, "ಮಂದೆ ಅಂದ್ರೆ ಅವನದು" ಅಂತ ನನಗಾಗಿ ಕಾಯುತ್ತಾರೆ. ಓದಿದವರೂ ಕಾಯುತ್ತಾರೆ. ಇದನ್ನು ನಾನು ಮನೆಯಲ್ಲಿ ಆಗಾಗ ಹೇಳುವುದುಂಟು. ಆಗಾಗ ಅಲ್ಲ, ದಿನಾ ಅಂತ ನಮ್ಮ ಮನೆಯಾಕೆ ಹೇಳುತ್ತಾಳೆ.

ಮಗ ನನ್ನ ಜೊತೆ ಕುರಿಗೇ ಬಂದ. ಸೊಸೆ ಹತ್ತನೇ ಕ್ಲಾಸು ಪಾಸು, ಊರಿನ ಅಂಗನವಾಡಿಯಲ್ಲಿ ಕೆಲಸ. ಅವರಿಬ್ಬರಿಗೆ ಒಬ್ಬಳೇ ಮಗಳು. ಈ ಬರಹ ಅವಳ ಬಗ್ಗೆ.

ಅವಳನ್ನು ಅಂಗಡಿಯಿಂದ ಉಪ್ಪು ತರಲು ಕಳಿಸಿದರೆ ನಾಯಿಮರಿ ತರುತ್ತಿದ್ದಳು. ಉಪ್ಪೆಲ್ಲಿ ಅಂದರೆ, "ಯಾವ ಉಪ್ಪು ತಾತ?" ಊಟಕ್ಕೆ ಕೂತರೆ ಮೊದಲ ತುತ್ತು ಅಡುಗೆಮನೆಯಲ್ಲಿ, ಎರಡನೆಯದು ಜಗಲಿಯಲ್ಲಿ, ಮೂರನೆಯದನ್ನು ಪಕ್ಕದ ಮನೆಯವರು ನೋಡುತ್ತಿದ್ದರು. ತಟ್ಟೆ ತೊಳೆಯಲು ಹೋದವಳು ತಟ್ಟೆ ಮರೆತು ನೀರನ್ನೇ ಕಾಲುವೆ ಮಾಡಿ ಬೀದಿಗೆ ಹರಿಸಿ, ಅದರಲ್ಲಿ ಇರುವೆಗಳಿಗೆ ಎಲೆಯ ದೋಣಿ ಬಿಡುತ್ತಿದ್ದಳು. ಮಾತು ಅಂತೂ ಕೇಳಲೇಬೇಡಿ. ನಾವು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬಂದು, ಆ ಉತ್ತರ ಬೇರೆ ಯಾವುದೋ ಪ್ರಶ್ನೆಯದಾಗಿರುತ್ತಿತ್ತು. ನನಗೆ ಇದರಲ್ಲಿ ಯಾವ ತೊಂದರೆಯೂ ಕಂಡಿರಲಿಲ್ಲ. ಚುರುಕು ಮಗು ಅಂದುಕೊಂಡಿದ್ದೆ.

ತೊಂದರೆ ಕಂಡಿದ್ದು ಮೇಷ್ಟ್ರಿಗೆ. ಅವಳು ಮೂರನೇ ಕ್ಲಾಸಿಗೆ ಬಂದಾಗ ಅವರು ಮನೆಗೇ ಬಂದರು. ನಮ್ಮೂರ ಸ್ಕೂಲಿಗೆ ಹೊರಗಿನಿಂದ ಬಂದವರು, ಒಳ್ಳೆಯವರೇ, ಆದರೆ ಸುಸ್ತಾದ ಮುಖ.

"ಯಜಮಾನ್ರೇ, ನಿಮ್ಮ ಹುಡುಗಿ ಯಾವಾಗ ಎದ್ದು ಹೋಗ್ತಾಳೋ ಗೊತ್ತೇ ಆಗಲ್ಲ ಕಣ್ರಿ. ಬೋರ್ಡ್ ಕಡೆ ತಿರುಗಿದ್ರೆ ಇರ್ತಾಳೆ, ಈ ಕಡೆ ತಿರುಗಿದ್ರೆ ಇರಲ್ಲ. ನೆನ್ನೆ ಎಲ್ಲಿದ್ಲು ಗೊತ್ತಾ? ನೀರಿನ ಟ್ಯಾಂಕ್ ಮೇಲೆ. ಬಿದ್ರೆ ಯಾರ್ರಿ ಜವಾಬ್ದಾರಿ?"

"ಅಷ್ಟೇನಾ ಮೇಷ್ಟ್ರೇ?" ಅಂದೆ. "ಎದ್ದು ಹೋಗಿದ್ದು ಗೊತ್ತಾಗಬೇಕು, ಅಷ್ಟೇ ತಾನೆ? ಕುಂತ್ಕಳ್ರಿ, ಮಜ್ಜಿಗೆ ಕುಡೀರಿ. ನಾಳೆಯಿಂದ ಗೊತ್ತಾಗುತ್ತೆ."

ಮಂದೆ ಬಿಟ್ಟು ಬಿಟ್ಟು ಹೋಗುವ ಕುರಿ ಇರುತ್ತದೆ. ಅದನ್ನು ಹೊಡೆದು ಬಡಿದು ಪ್ರಯೋಜನವಿಲ್ಲ. ಕೊರಳಿಗೆ ಒಂದು ಗಂಟೆ ಕಟ್ಟಿದರೆ ಎತ್ತ ಹೋಯಿತು ಅಂತ ಕಿವಿಗೆ ತಿಳಿಯುತ್ತದೆ. ಬೆಳಿಗ್ಗೆ ಎದ್ದವನೇ ಒಂದು ಸಣ್ಣ ಹಿತ್ತಾಳೆ ಗಂಟೆ ಹುಡುಕಿ, ಹುಣಸೆಹುಳಿ ಹಾಕಿ ತಿಕ್ಕಿ, ಮೊಮ್ಮಗಳ ಸ್ಕೂಲ್ ಚೀಲಕ್ಕೆ ಕಟ್ಟಿದೆ. ಅವಳು ಚೀಲ ಇಳಿಸಿದ ಕೂಡಲೇ ಮರೆಯುತ್ತಾಳೆ ಅಂತ ನನಗೆ ಗೊತ್ತು. ಅದಕ್ಕೇ ಅವಳ ಸೊಂಟಕ್ಕೂ ಒಂದು ಕಟ್ಟಿದೆ. ಅವಳಿಗೆ ಖುಷಿಯೋ ಖುಷಿ. ಸೊಸೆ ಅಂಗನವಾಡಿಗೆ ಹೋಗಿಯಾಗಿತ್ತು. ಮನೆಯಾಕೆ ಮಾತ್ರ ಬಾಗಿಲಲ್ಲಿ ನಿಂತು, "ಇದ್ಯಾಕೋ ಸರಿ ಹೋಗಾಂಗಿಲ್ಲ" ಅಂದಳು. ಅವಳು ಎಲ್ಲದಕ್ಕೂ ಹಾಗೇ ಅನ್ನುತ್ತಾಳೆ ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ನಡೆದಿದ್ದು ಇಷ್ಟು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಾರೆ. ಹಿಂದೆ ಕಿಣಿ ಕಿಣಿ ಅಂತು. ನೀರು ಕುಡಿಯಲು ಎದ್ದಿರಬೇಕು ಅಂದುಕೊಂಡು ಸಾಲು ಮುಗಿಸಿದ್ದಾರೆ. ತಿರುಗಿ ನೋಡಿದರೆ ಕ್ಲಾಸಿನಲ್ಲಿ ಒಬ್ಬರೂ ಇಲ್ಲ. ಹೊರಗೆ ಬಂದು ನೋಡಿದರೆ, ಮುಂದೆ ನಮ್ಮ ಹುಡುಗಿ, ಅವಳ ಹಿಂದೆ ಇಡೀ ಮೂರನೇ ಕ್ಲಾಸು ಒಂದೇ ಸಾಲಾಗಿ, ಬ್ಯಾ ಬ್ಯಾ ಅಂತ ಕೂಗುತ್ತಾ, ನಲ್ಲಿ ದಾಟಿ, ಹುಣಸೆಮರ ದಾಟಿ, ಯಾರದೋ ಶೇಂಗಾ ಹೊಲಕ್ಕೆ ಇಳಿದಿದೆ. ನಮ್ಮೂರ ಮಕ್ಕಳೆಲ್ಲ ಕುರಿ ಕಂಡವರೇ. ಗಂಟೆ ಮುಂದೆ ಹೋದರೆ ಏನು ಮಾಡಬೇಕು ಅಂತ ಅವಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಸುದ್ದಿ ಕೇಳಿ ನಾವೂ ಓಡಿ ಹೋದೆವು. ಆ ಹೊಲದ ಬೇಲಿ ಪಕ್ಕ ನಿಂತು ಮನೆಯಾಕೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮಂದೇಲಿ ಗಂಟೆ ಕಟ್ಟಾದು ತಪ್ಪಿಸ್ಕಳ ಕುರಿಗೆ ಮಾತ್ರಾನಾ? ಮುಂದಿರ ಹೋತಕ್ಕೂ ಕಟ್ಟಲ್ವಾ? ಹಿಂದಿನವು ಅದರ ಬೆನ್ನು ಹಿಡಿದು ಬರಲಿ ಅಂತಾನೇ ತಾನೆ ಕಟ್ಟಾದು? ಇಷ್ಟು ವರ್ಷ ಕುರಿ ಕಾದು ಏನ್ ಕಲ್ತೆ ನೀನು?"

ನಾನು ತಪ್ಪಿಸಿಕೊಳ್ಳುವ ಕುರಿಯ ಲೆಕ್ಕದಲ್ಲಿ ಕಟ್ಟಿದ್ದೆ, ಮಕ್ಕಳು ಹೋತದ ಲೆಕ್ಕದಲ್ಲಿ ತಗೊಂಡವು. ಇದರಲ್ಲಿ ನನ್ನ ತಪ್ಪೇನು?

ಊರು ಸುಮ್ಮನಿರುತ್ತದೆಯೇ? ಸಂಜೆ ಟೀ ಅಂಗಡಿಗೆ ಹೋದರೆ ಒಬ್ಬ ಬೆಂಚಿನ ಮೇಲೆ ಜಾಗ ಬಿಟ್ಟು, "ಬಾರಪ್ಪ, ನಮ್ಮ ಹೊಲಕ್ಕೂ ಒಂದಿನ ಸ್ಕೂಲ್ ಮಂದೆ ತರುಬಿಸು. ಎಷ್ಟು ರಾಗಿ ಕೊಡಬೇಕು ಹೇಳು" ಅಂದ. ಇನ್ನೊಬ್ಬ, "ಮೂರನೇ ಕ್ಲಾಸು ಬ್ಯಾಡ ಕಣಲೇ, ಮರಿಗಳು. ಏಳನೇ ಕ್ಲಾಸು ತರುಬಿದ್ರೆ ಗೊಬ್ಬರ ಚೆನ್ನಾಗಿ ಬೀಳುತ್ತೆ" ಅಂದ. ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮನೆಗೆ ಬಂದರೆ ಮೇಷ್ಟ್ರು ಕೂತಿದ್ದರು. ಈ ಸಲ ಮಜ್ಜಿಗೆ ಮುಟ್ಟಲಿಲ್ಲ.

"ನನ್ನ ಕೈಲಾಗಲ್ಲ ಯಜಮಾನ್ರೇ. ಇನ್ನೂ ಮೂರು ತಿಂಗಳೈತೆ ವರ್ಷ ಮುಗಿಯಕ್ಕೆ. ಅಷ್ಟರೊಳಗೆ ಯಾರಿಗಾದ್ರೂ ತೋರಿಸ್ರಿ, ಇಲ್ಲಾಂದ್ರೆ ಬೇರೆ ಸ್ಕೂಲ್ ನೋಡ್ಕಳ್ರಿ."

ಬೇರೆ ಸ್ಕೂಲು ಅಂದರೆ ಬಸ್ಸಿನಲ್ಲಿ ಹೋಗಬೇಕು. ಬಸ್ಸಿನಲ್ಲಿ ಅವಳೊಬ್ಬಳನ್ನೇ ಕಳಿಸಿದರೆ ಅವಳು ಆಂಧ್ರದಲ್ಲಿ ಇಳಿಯುತ್ತಾಳೆ. ಅಂದರೆ ಸ್ಕೂಲು ಮುಗಿಯಿತು ಅಂತಲೇ ಅರ್ಥ. ನನಗೇನೂ ಅದು ದೊಡ್ಡ ಸಂಗತಿ ಅನ್ನಿಸಲಿಲ್ಲ. "ಬಿಡ್ರಿ ಮೇಷ್ಟ್ರೇ, ನನ್ನ ಜೊತೆ ಕುರಿಗೆ ಬರ್ತಾಳೆ. ನಾನೇನು ಓದದೇ ಕೆಟ್ಟು ಹೋದ್ನಾ?" ಅಂದೆ.

ಆಗ ಸೊಸೆ ಒಳಗಿಂದ ಬಂದಳು. ಮದುವೆಯಾಗಿ ಬಂದಾಗಿನಿಂದ ನನ್ನೆದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. ಅದೇ ಹೆದರಿಕೆಯಾಗಿದ್ದು.

"ಮಾವ, ನಿಮ್ಮ ಒಂದು ಕುರಿ ಮೇವು ಬಿಟ್ರೆ ಹಿರಿಯೂರಿಗೆ ಹೋಗಿ ದನದ ಡಾಕ್ಟ್ರನ್ನ ಬೈಕಲ್ಲಿ ಕೂರಿಸ್ಕಂಡ್ ಬರ್ತೀರ. ನನ್ನ ಮಗಳಿಗೆ ಮಾತ್ರ ಗಂಟೆನಾ?"

ಮೇಷ್ಟ್ರು ಮಜ್ಜಿಗೆ ತಗೊಂಡು ಕುಡಿದರು. "ಅಂಗನವಾಡಿ ಟ್ರೇನಿಂಗಲ್ಲಿ ಹೇಳಿದ್ರು," ಅಂತ ಅವಳೇ ಮುಂದುವರಿಸಿದಳು, "ಇಂಥ ಮಕ್ಕಳನ್ನ ನೋಡೋ ಡಾಕ್ಟ್ರು ದುರ್ಗದಲ್ಲಿ ಅವ್ರೆ. ಸೋಮವಾರ ಹೋಗಾಣ. ಅವಳು ನನಗಿಂತ ಒಂದು ಕ್ಲಾಸಾದ್ರೂ ಜಾಸ್ತಿ ಓದಬೇಕು. ಅಷ್ಟೇ ನನ್ನ ಆಸೆ."

ಸೋಮವಾರ ಹೊರಟೆವು. ಮಗ ಕುರಿಗೆ ಉಳಿದ. ನಾನು, ಮನೆಯಾಕೆ, ಸೊಸೆ, ಹುಡುಗಿ. ಹಿರಿಯೂರಲ್ಲಿ ದುರ್ಗದ ಬಸ್ಸು ಹತ್ತಿದರೆ ಸೀಟೇನೋ ಇತ್ತು, ಆದರೆ ಕಿಟಕಿ ಪಕ್ಕ ಒಂದೇ. ಅದಕ್ಕೆ ನಾನೂ ಮೊಮ್ಮಗಳೂ ಜಗಳ ಆಡಿ, ಅವಳು ಗೆದ್ದು, ಗೆದ್ದ ಮೇಲೆ ಕೂರದೆ ಡ್ರೈವರ್ ಹತ್ತಿರ ಹೋಗಿ ನಿಂತಳು. ಹುಡುಗಿ ಒಬ್ಬಳೇ ನಿಂತಿದ್ದಾಳಲ್ಲ ಅಂತ ನಾನೂ ಹೋಗಿ ನಿಂತೆ.

"ಸೀಟ್ ಖಾಲಿ ಐತಲ್ರೀ, ಯಾಕ್ರೀ ನಿಂತಿದೀರಿ?" ಅಂದ ಕಂಡಕ್ಟರ್.

"ಅವರಿಬ್ರಿಗೂ ಸೀಟಲ್ಲಿ ಮುಳ್ಳೈತೆ, ಟಿಕೆಟ್ ಕೊಡಪ್ಪ ನೀನು" ಅಂದಳು ಮನೆಯಾಕೆ.

ಡಾಕ್ಟ್ರು ಹೆಂಗಸು, ನಮ್ಮ ಸೊಸೆಗಿಂತ ಸ್ವಲ್ಪ ದೊಡ್ಡವರಿರಬಹುದು. ರೂಮಲ್ಲಿ ಒಂದು ಮೂಲೆಗೆ ಚಾಪೆ ಹಾಸಿ ಆಟದ ಸಾಮಾನು ಇಟ್ಟಿದ್ದರು. ಹುಡುಗಿ ಹೋದವಳೇ ಒಂದು ಮರದ ಗಾಡಿಯನ್ನು ಬಿಚ್ಚಲು ಕೂತಳು. ಡಾಕ್ಟ್ರಮ್ಮ ಪ್ರಶ್ನೆ ಕೇಳಲು ಶುರು ಮಾಡಿದರು. ಸೊಸೆ ಉತ್ತರ ಹೇಳಬೇಕಿತ್ತು. ಆದರೆ ಮನೆಗೆ ಹಿರಿಯ ಅಂತ ನಾನಿರುವಾಗ ಅವಳು ಯಾಕೆ ಹೇಳಬೇಕು?

"ಹೇಳಿದ ಕೆಲಸ ಅರ್ಧಕ್ಕೆ ಬಿಟ್ಟು..."

"ಬಿಟ್ಟು ಇನ್ನೊಂದು ಹಿಡೀತಾಳೆ. ಅದೇನು ದೊಡ್ಡದಲ್ಲ ಬಿಡ್ರಿ, ನಾನೂ ಹಂಗೇ. ನಮ್ಮನೆ ಹಿಂದಿನ ಗೋಡೆ ಕಟ್ಟಕ್ಕೆ ಶುರು ಮಾಡಿ ಹನ್ನೆರಡು ವರ್ಷ ಆಯ್ತು."

"ವಸ್ತುಗಳನ್ನ ಎಲ್ಲಂದ್ರಲ್ಲಿ..."

"ಕಳೀತಾಳೆ. ನನ್ನ ಟವೆಲ್ಲುಗಳು ಹೊಸದುರ್ಗದಲ್ಲಿ ಒಂದು, ಹೊಳಲ್ಕೆರೆ ಬಸ್ ಸ್ಟ್ಯಾಂಡಲ್ಲಿ ಎರಡು ಅವೆ."

"ಬೇರೆಯವರು ಮಾತು ಮುಗಿಸೋ ಮೊದಲೇ..."

"ಬಾಯಿ ಹಾಕ್ತಾಳೆ. ಇದೂ ನಮ್ಮ ಮನೆತನದ ಗುಣಾನೇ."

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. ಆಗ ನಾನು ಎಲ್ಲಿದ್ದೇನೆ ಅಂತ ನೋಡಿಕೊಂಡೆ. ಕುರ್ಚಿಯಲ್ಲಿ ಇರಲಿಲ್ಲ. ಮೊದಲ ಪ್ರಶ್ನೆಗೆ ಎದ್ದವನು, ಎರಡನೆಯದಕ್ಕೆ ಕಿಟಕಿ ಹತ್ತಿರ ಹೋಗಿ ಬೆಟ್ಟದ ಮೇಲಿನ ಕೋಟೆ ಗೋಡೆಯಲ್ಲಿ ಮೇಯುತ್ತಿರುವುದು ಆಡೋ ಕಲ್ಲೋ ಅಂತ ನೋಡಿ, ಮೂರನೆಯದರ ಹೊತ್ತಿಗೆ ಫ್ಯಾನಿನ ಸ್ವಿಚ್ಚು ತಿರುಗಿಸುತ್ತಿದ್ದೆ. ಮೂಲೆಯಲ್ಲಿ ಹುಡುಗಿ ಗಾಡಿ ಬಿಚ್ಚಿ ಮುಗಿಸಿ, ಅದೇ ಗಮನದಲ್ಲಿ ವಾಪಸು ಜೋಡಿಸುತ್ತಿದ್ದಳು. ಇಡೀ ರೂಮಲ್ಲಿ ಸುಮ್ಮನಿದ್ದವಳು ಅವಳೊಬ್ಬಳೇ.

"ಯಜಮಾನ್ರೇ," ಅಂದರು ಡಾಕ್ಟ್ರಮ್ಮ ನಗು ತಡೆದುಕೊಂಡು, "ಚೀಟಿ ಯಾರ ಹೆಸರಿಗೆ ಮಾಡಿಸಿದೀರಿ?"

ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡಳು. ಸೊಸೆ ಗೋಡೆ ಕಡೆ ತಿರುಗಿದಳು, ಆದರೆ ಹೆಗಲು ಕುಣಿಯುತ್ತಿತ್ತು. "ಮದುವೆಯಾದ ವರ್ಷಾನೇ ಕರ್ಕಂಡ್ ಬರಬೇಕಿತ್ತು ಕಣಮ್ಮ ಈಯಪ್ಪನ್ನ," ಅಂದಳು ಮನೆಯಾಕೆ. "ಆಗ ನೀವಿನ್ನೂ ಹುಟ್ಟಿರಲಿಲ್ಲ."

ನನಗೆ ಸಿಟ್ಟು ಬಂತು. ದುಡಿದು ತಿನ್ನುವ ಮನುಷ್ಯ ನಾನು. "ನನಗೇನಾಗೈತೆ? ಅರ್ಧ ಜಿಲ್ಲೆ ನನ್ನ ಮಂದೆಗೆ ಕಾಯುತ್ತೆ" ಅಂದೆ.

"ಏನೂ ಆಗಿಲ್ಲ. ಒಂದು ಸಲ ನೋಡಿ ನಿಮ್ಮ ಬಗ್ಗೆ ನಾನೇನೂ ಹೇಳೋದೂ ಇಲ್ಲ," ಅಂದರು ಡಾಕ್ಟ್ರಮ್ಮ. "ಆದ್ರೆ ಇದು ಮನೆತನದಲ್ಲಿ ಬರೋದುಂಟು. ಓಡಾಡೋ ಕಸುಬು ಸಿಕ್ಕಿದವರಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ. ನಿಮಗೆ ಮೈದಾನ ಸಿಕ್ಕಿತು. ಈ ಮಗು ಬೆಂಚಲ್ಲಿ ಕೂತಿದೆ."

ಆಮೇಲೆ ಇನ್ನೂ ಎರಡು ಮೂರು ಸಲ ಕರೆಸಿಕೊಂಡರು. ಹುಡುಗಿಯ ಹತ್ತಿರ ಏನೇನೋ ಆಡಿಸಿದರು, ಓದಿಸಿದರು, ಮೇಷ್ಟ್ರಿಂದಲೂ ವಿಷಯ ಬರೆಸಿ ತರಿಸಿದರು. ಕೊನೆಗೆ ಅದರ ಹೆಸರು ಹೇಳಿದರು. ಎಡಿಎಚ್‌ಡಿ. ಗಮನ ಒಂದು ಕಡೆ ನಿಲ್ಲದೆ, ಮೈ ಸುಮ್ಮನಿರದೆ ಇರುವ ತೊಂದರೆ. ಬುದ್ಧಿ ಕಮ್ಮಿ ಅಂತ ಅಲ್ಲ. ಹಟವೂ ಅಲ್ಲ, ಸಾಕಿದ್ದು ಸರಿಯಿಲ್ಲ ಅಂತಲೂ ಅಲ್ಲ. ಈ ಕೊನೆಯ ಮಾತು ಕೇಳಿದ ಮೇಲೆ ಸೊಸೆ ಅತ್ತಳು. ಊರಲ್ಲಿ ಹೆಂಗಸರು ಅವಳಿಗೆ ಏನೇನು ಅಂದಿದ್ದರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಾಕೆಗೆ ಗೊತ್ತಿತ್ತು ಅಂತ ಕಾಣುತ್ತದೆ, ಹೋಗಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಡಾಕ್ಟ್ರಮ್ಮ ನನಗೆ ತಿಳಿಯುವಂತೆ ಹೇಳಿದ್ದು ಹೀಗೆ. ಮೆದುಳು ಒಂದೇ ಸಲಕ್ಕೆ ಬೆಳೆದು ನಿಲ್ಲುವುದಿಲ್ಲ. ನೋಡುವ ಭಾಗ, ಓಡುವ ಭಾಗ ಬೇಗ ಬೆಳೆಯುತ್ತವೆ. 'ತಡಿ, ಇದು ಮುಗಿಸು, ಆಮೇಲೆ ಅದಕ್ಕೆ ಹೋಗು' ಅನ್ನುವ ಭಾಗ ಹಣೆಯ ಹಿಂದಿದೆ, ಅದು ಎಲ್ಲರಲ್ಲೂ ತಡ. ಇಪ್ಪತ್ತು ದಾಟಿದರೂ ಬೆಳೆಯುತ್ತಲೇ ಇರುತ್ತದಂತೆ. ಇಂಥ ಮಕ್ಕಳಲ್ಲಿ ಇನ್ನೂ ಕೆಲವು ವರ್ಷ ತಡ. "ಅಂದ್ರೆ ಎತ್ತು ಬಂದೈತೆ, ಗಾಡಿಗೆ ಬ್ರೇಕ್ ಬಂದಿಲ್ಲ" ಅಂದೆ. "ಹೌದು, ಬರೋ ತನಕ ಇಳಿಜಾರಲ್ಲಿ ನೀವು ಗಾಡಿ ಹಿಡ್ಕೋಬೇಕು" ಅಂದರು. ಮುಂದಿನ ಬೆಂಚು, ಕಿಟಕಿಯಿಂದ ದೂರ. ಕೆಲಸ ಒಂದು ಸಲಕ್ಕೆ ಒಂದೇ. ಒಂದು ಮುಗಿದ ಮೇಲೆ ಎದ್ದು ಓಡಾಡಲು ಬಿಡಬೇಕು, ಆಮೇಲೆ ಇನ್ನೊಂದು. ಮಾಡಿದ್ದನ್ನು ಅಲ್ಲೇ, ಆಗಲೇ ಹೊಗಳಬೇಕು. ಮುಂದೆ ಮಾತ್ರೆಯೂ ಬಂತು. ಅದು ಡಾಕ್ಟ್ರಮ್ಮ ಮತ್ತು ಸೊಸೆಯ ಇಲಾಖೆ, ನಾನು ತಲೆ ಹಾಕಲಿಲ್ಲ.

ಸೊಸೆ ಡಾಕ್ಟ್ರ ಚೀಟಿ ಹಿಡಿದು ಮೇಷ್ಟ್ರ ಹತ್ತಿರ ಹೋದಳು. ಅವರು ಓದಿ, ಹಣೆ ಮೇಲೆ ಕೈಯಿಟ್ಟುಕೊಂಡು, "ಮೊದಲೇ ಹೇಳಬಾರದಿತ್ತಾ ತಾಯಿ, ನಾನು ಬೇಕಂತಲೇ ಮಾಡ್ತಾಳೆ ಅಂತಿದ್ದೆ" ಅಂದರಂತೆ. ಬೇರೆ ಸ್ಕೂಲಿನ ಮಾತು ಮತ್ತೆ ಎತ್ತಲಿಲ್ಲ. ಒಂದೇ ಷರತ್ತು: "ನಿಮ್ಮ ಮಾವನಿಗೆ ಹೇಳಮ್ಮ, ಇನ್ನು ಗಂಟೆ ಮಾತ್ರ ಬ್ಯಾಡ."

ಒಂದು ಸಲಕ್ಕೆ ಒಂದೇ ಅನ್ನುವ ಮಾತು ನನ್ನ ತಲೆಗೆ ಹೊಕ್ಕಿತ್ತು. ಸಂಜೆ ಮಂದೆಯನ್ನು ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ದೊಡ್ಡಿಗೆ, ಕೂಡುವಾಗ ನಾವು ಬಾಗಿಲನ್ನು ಒಂದು ಕುರಿ ಹಿಡಿಸುವಷ್ಟೇ ತೆರೆಯುತ್ತೇವೆ. ಪೂರ್ತಿ ತೆರೆದರೆ ನುಗ್ಗಿ ಮರಿಗಳನ್ನು ತುಳಿದು ಹಾಕುತ್ತವೆ. ಬಾಗಿಲಲ್ಲಿ ಹುಡುಗಿಯನ್ನು ನಿಲ್ಲಿಸಿದೆ. ಮಗ್ಗಿಯ ಒಂದು ಸಾಲು ಹೇಳಿದರೆ ಒಂದು ಕುರಿ ಒಳಗೆ. ತಪ್ಪಿದರೆ ಕುರಿ ಹೊರಗೇ. ಕುರಿ ಒಳಗೆ ಹೋದಾಗಲೆಲ್ಲ ಅವಳು ಒಂದು ಸಲ ಕುಣಿಯಬಹುದು.

ಎರಡರ ಮಗ್ಗಿ, ಮೂರರ ಮಗ್ಗಿಗೆ ಮಂದೆ ಚೆನ್ನಾಗಿ ಒಳಗೆ ಹೋಯಿತು. ಏಳರ ಮಗ್ಗಿ ಶುರುವಾದ ವಾರ ಕುರಿಗಳಿಗೆ ಕಷ್ಟವಾಯಿತು. ಕತ್ತಲಾಗುತ್ತ ಬಂದರೂ ಅರ್ಧ ಮಂದೆ ಹೊರಗೆ ನಿಂತು ಅರಚುವುದು, ಹಾಲಿಗೆ ಕಾದ ಮರಿಗಳು ಒಳಗಿಂದ ಅರಚುವುದು. ನಮ್ಮ ಮಗ ತಲೆ ಮೇಲೆ ಕೈ ಹೊತ್ತು, "ಅಪ್ಪಾ, ಏಳೆಂಟಲೆ ಎಷ್ಟು ಅಂತ ನಾನೇ ಹೇಳ್ತೀನಿ, ಒಳಗೆ ಬಿಡು" ಅನ್ನುವನು. "ನೀನು ಹೇಳಿದ್ದು ತಪ್ಪು ಅಪ್ಪ" ಅನ್ನುವಳು ಮಗಳು. ಅವನು ಹೇಳಿದ್ದು ನಿಜವಾಗಿಯೂ ತಪ್ಪಾಗಿರುತ್ತಿತ್ತು. ಊರವರು ನೋಡಲು ಬಂದು ಬೇಲಿ ಸುತ್ತ ನಿಲ್ಲುತ್ತಿದ್ದರು. ಟೀ ಅಂಗಡಿಯ ಆಸಾಮಿ, "ಇನ್ನೊಂದು ವರ್ಷಕ್ಕೆ ಕುರಿಗಳೇ ಪರೀಕ್ಷೆಗೆ ಕೂರ್ತವೆ ಬಿಡು" ಅಂದ. ಅವನ ಮಗನೂ ಏಳರ ಮಗ್ಗಿಗೆ ನಮ್ಮ ರೊಪ್ಪಕ್ಕೇ ಬರುತ್ತಿದ್ದ, ಅದನ್ನು ಮಾತ್ರ ಅವನು ಹೇಳಲಿಲ್ಲ.

ಎಲ್ಲ ಹೂವೆತ್ತಿದ ಹಾಗೆ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಏಳನೇ ಕ್ಲಾಸಲ್ಲಿ ಯಾರನ್ನೋ ತಳ್ಳಿ ಕೈ ಮುರಿದಳು, ತನ್ನದೇ ಕೈ. ಎಂಟನೇ ಕ್ಲಾಸಿಗೆ ಬೇರೆ ಊರಿನ ಹೈಸ್ಕೂಲು, ಬಸ್ಸು ಹತ್ತಬೇಕು. ಒಂದು ತಿಂಗಳು ನಾನೇ ಜೊತೆಗೆ ಹೋದೆ. ಆ ತಿಂಗಳಲ್ಲಿ ಮುಂದಿನ ಸ್ಟಾಪಿಗೆ ಹೋಗಿ ಇಳಿದಿದ್ದು ಅವಳು ಒಂದು ಸಲ, ನಾನು ಎರಡು ಸಲ. ಹದಿಮೂರು ಹದಿನಾಲ್ಕಕ್ಕೆ ಸಿಟ್ಟು ಮೂಗಿನ ತುದಿಗೆ ಬಂತು. ಒಂದು ದಿನ ಪುಸ್ತಕ ಎಸೆದು, "ನಾನೂ ನಿನ್ ಥರ ಬಿಟ್ಬಿಡ್ತೀನಿ ತಾತ. ನೀನೇನ್ ಕೆಟ್ಟು ಹೋದ್ಯಾ?" ಅಂದಳು.

ನನ್ನದೇ ಮಾತು. ಅವಳ ಬಾಯಲ್ಲಿ ಕೇಳಿದಾಗ ಅಷ್ಟು ಚೆನ್ನಾಗಿರಲಿಲ್ಲ. ಸೊಸೆ ಒಲೆ ಮುಂದೆ ಕೂತಿದ್ದವಳು ತಿರುಗಿ ನನ್ನನ್ನೇ ನೋಡುತ್ತಿದ್ದಳು.

"ನಾನು ಬಿಟ್ಟಿದ್ದು ಉಡಕ್ಕೆ ಕಣವ್ವ," ಅಂದೆ. "ನಿನಗೆ ಈಗ ಎಲ್ಲಿ ಉಡ ಸಿಗುತ್ತೆ? ಹಿಡಿದ್ರೆ ಜೈಲಿಗೆ ಹಾಕ್ತಾರೆ. ಪುಸ್ತಕ ಎತ್ಕೋ."

ಅವಳಿಗೆ ನಗು ಬಂತು. ಪುಸ್ತಕ ಎತ್ತಿಕೊಂಡಳು. ಬಹಳ ಹೊತ್ತು ಅಲ್ಲ, ಆದರೂ ಎತ್ತಿಕೊಂಡಳು.

ಹತ್ತನೇ ಕ್ಲಾಸಿನ ಪರೀಕ್ಷೆ ಹಿರಿಯೂರಲ್ಲಿ ಬಿತ್ತು. ಡಾಕ್ಟ್ರ ಚೀಟಿ ನೋಡಿ ಅವಳಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಟ್ಟಿದ್ದರು. ಒಳ್ಳೆಯದೇ, ಆದರೆ ನನಗೆ ಅದೇ ದಿಗಿಲು. ಮೂರು ಗಂಟೆಯೇ ಕೂರಲಾರದವಳು ಇನ್ನೂ ಹೆಚ್ಚು ಹೊತ್ತು ಕೂರುವುದು ಹೇಗೆ? ಗಣಿತದ ದಿನ ನಾನೂ ಸೊಸೆಯೂ ಜೊತೆಗೆ ಹೋಗಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತೆವು. ಅವಳು ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಸೊಸೆ ಕಲ್ಲಿನ ಮೇಲೆ ಕೂತು ಕೈ ಕಟ್ಟಿಕೊಂಡಳು. ನಾನು ಗೇಟಿನವರೆಗೆ ಹೋದೆ, ಬಂದೆ. ಟೀ ಕುಡಿಯಲು ಹೋದೆ, ಕುಡಿಯದೆ ಬಂದೆ. ಕಿಟಕಿಗಳಿಗೆ ಸರಳಿದೆಯಾ ಅಂತ ಕಾಂಪೌಂಡ್ ಸುತ್ತಿ ನೋಡಿಕೊಂಡು ಬಂದೆ. ಇದ್ದವು. ಗೇಟಿನಲ್ಲಿದ್ದ ಪೊಲೀಸಪ್ಪ ನೋಡಿ ನೋಡಿ ಸಾಕಾಗಿ, "ಯಜಮಾನ್ರೇ, ಒಂದು ಕಡೆ ಕುಂತ್ಕಳ್ರಿ! ಚೀಟಿ ಎಸೆಯಕ್ಕೆ ಬಂದೋರ ಥರ ಯಾಕ್ರೀ ತಿರುಗ್ತೀರಿ?" ಅಂದ.

"ನಮ್ಮ ಮಾವ ಓದಿರೋದು ಐದನೇ ಕ್ಲಾಸ್ ಸಾರ್," ಅಂದಳು ಸೊಸೆ. "ಅವರು ಚೀಟಿ ಎಸೆದ್ರೆ ಒಳಗಿರೋರು ಫೇಲಾಗ್ತಾರೆ."

ಪೊಲೀಸಪ್ಪ ನಕ್ಕುಬಿಟ್ಟ. ಅವನೇ ಒಂದು ಸ್ಟೂಲು ತಂದು ಹಾಕಿದ. ಕೂತೆ. ನಿಮಿಷವೂ ಆಗಿರಲಿಕ್ಕಿಲ್ಲ, ಮತ್ತೆ ಎದ್ದಿದ್ದೆ.

ಮೂರು ಗಂಟೆಯ ಹೊತ್ತು ಮುಗಿದು ಬೇರೆ ಮಕ್ಕಳೆಲ್ಲ ಹೊರಗೆ ಬಂದರು. ಅವಳು ಬರಲಿಲ್ಲ. ಅವರೆಲ್ಲ ಬಸ್ಸು ಹತ್ತಿ ಹೋದರು. ಅವಳು ಬರಲಿಲ್ಲ. ಗೇಟಿನ ಕಡೆ ನೋಡುತ್ತಾ ನಾನು ಆ ಖಾಲಿ ಸ್ಕೂಲಿನ ಒಳಗೆ ಒಂದು ಬೆಂಚಿನಲ್ಲಿ ಕೂತಿರುವ ಅವಳನ್ನು ನೆನೆದೆ. ಎದ್ದು ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಪೇಪರು ಕೊಟ್ಟು ಬರಬಹುದಿತ್ತು. ಆದರೂ ಕೂತಿದ್ದಾಳೆ. ನಮ್ಮ ವಂಶದಲ್ಲಿ ಯಾರೂ ಅಷ್ಟು ಹೊತ್ತು ಒಂದು ಕಡೆ ಕೂತಿದ್ದಿಲ್ಲ.

ಕೊನೆಗೆ ಬಂದಳು. ಕೈಯೆಲ್ಲ ಇಂಕು, ಪೆನ್ನಿನ ಮುಚ್ಚಳ ಕಳೆದಿದ್ದಳು.

"ಏಳೆಂಟಲೆ ಬಂದಿತ್ತು ತಾತ," ಅಂದಳು. "ಹೊರಗೆ ನಿಂತ ಕುರಿ ನೆನಪಾದವು."

ಸೊಸೆ ಅವಳ ಕೈ ಹಿಡಿದು ಇಂಕು ಒರೆಸಿದಳು. ಬಸ್ಸಲ್ಲಿ ಇಬ್ಬರೂ ಕೂತರು. ನಾನು ನಿಂತೇ ಬಂದೆ.

ಪಾಸಾದಳು. ಗಣಿತದಲ್ಲಿ ಒಳ್ಳೆಯ ನಂಬರು, ಸಮಾಜದಲ್ಲಿ ದಡ ಮುಟ್ಟುವಷ್ಟು. ಟೀ ಅಂಗಡಿಯಲ್ಲಿ ಎಲ್ಲರಿಗೂ ನಾನೇ ಟೀ ಕುಡಿಸಿ, ಅವರು ಮಾತು ಶುರು ಮಾಡುವ ಮೊದಲೇ ಎದ್ದು ಬಂದೆ. ಮುಂದಿನ ತಿಂಗಳು ಅವಳು ಪಿಯುಸಿಗೆ ಸೇರಿದಳು. ಸೊಸೆಗಿಂತ ಒಂದು ಕ್ಲಾಸು ಮೇಲೆ.

ಇದನ್ನು ಜಗಲಿಯಲ್ಲಿ ಕೂತು ಬರೆದೆ ಅಂತ ಹೇಳಬಹುದಿತ್ತು. ಕೂತಿದ್ದಕ್ಕಿಂತ ಎದ್ದಿದ್ದೇ ಹೆಚ್ಚು. ಹಿಂದಿನ ಗೋಡೆ ಹಾಗೇ ಇದೆ.

ಈಗ ನನ್ನ ಹತ್ತಿರ ಇರುವುದು: ಎಂಬತ್ತಾರು ಕುರಿ, ಮೂರು ಆಡು, ಒಂದು ಹೋತ, ಎರಡು ನಾಯಿ, ನಾಲ್ಕು ಎಕರೆ ಹೊಲ, ಮೂರು ಗೋಡೆಯ ಹಿತ್ತಿಲು, ಹೆಂಡತಿ, ಮಗ, ಸೊಸೆ, ಹಿರಿಯೂರಿನ ಕಾಲೇಜಿಗೆ ಒಬ್ಬಳೇ ಬಸ್ಸಲ್ಲಿ ಹೋಗಿ ಸರಿಯಾದ ಸ್ಟಾಪಲ್ಲಿ ಇಳಿಯುವ ಒಬ್ಬಳು ಮೊಮ್ಮಗಳು. ಗಂಟೆ ಎರಡು. ಎರಡೂ ಹೋತದ ಕೊರಳಲ್ಲಿವೆ.